ಹಿಂದಕ್ಕೆ ಉಬ್ಬಿದ ಹಾಯಿ

ನನ್ನ ಗಂಡ ಅನಂತ ಹಡಗಿನ ಕ್ಯಾಪ್ಟನ್ ಆದದ್ದು ಒಂದು ಮಂಗಳವಾರ, ಮಧ್ಯಾಹ್ನದ ಊಟ ಮುಗಿಸಿದ ಮೇಲೆ. ಊಟಕ್ಕೆ ಕೂರುವವರೆಗೂ ಅವರು ಸೌದಿಯ ದಮ್ಮಾಮಿನ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಹುಟ್ಟಿದ್ದು ಹಿರಿಯೂರು. ಈ ದೇಶಕ್ಕೆ ಬರುವ ಮುಂಚೆ ಅವರು ಕಂಡಿದ್ದ ದೊಡ್ಡ ನೀರೆಂದರೆ ಮಾರಿಕಣಿವೆ ಅಣೆಕಟ್ಟಿನದು, ಅದೂ ದಂಡೆಯ ಮೇಲೆ ನಿಂತು ಕಡಲೆಕಾಯಿ ತಿನ್ನುತ್ತಾ. ಈಜು ಬಾರದು.

ನಡೆದದ್ದು ಇಷ್ಟೇ. ಲೆಕ್ಕಪತ್ರದ ಕೆಲಸಗಳನ್ನು ಇನ್ನು ಮುಂದೆ ಈ ನೆಲದ ಹುಡುಗರಿಗೇ ಕೊಡುವುದೆಂದು ಕಂಪನಿ ತೀರ್ಮಾನಿಸಿತು. ಕಫೀಲ್, ಎಂದರೆ ವೀಸಾ ಕೊಟ್ಟ ಧಣಿ, ಕರುಣಾಳು. ಇಷ್ಟು ಕಾಲ ದುಡಿದವನನ್ನು ಹೇಗೆ ಊರಿಗೆ ಕಳಿಸುವುದೆಂದು ಬೇರೆ ಹುದ್ದೆ ಹುಡುಕಿದ. ಖಾಲಿ ಇದ್ದದ್ದು ನಾವಿಕರದು ಮಾತ್ರ. ಕಂಪನಿ ಆಗಷ್ಟೇ ಹಳೆಯ ಕಾಲದ ಹಾಯಿಹಡಗೊಂದರ ಪ್ರತಿಕೃತಿ ಕಟ್ಟಿಸಿ, ಶಾಲಾ ಮಕ್ಕಳಿಗಾಗಿ 'ಗಾಳಿಯ ಪಾಠಶಾಲೆ' ಎಂಬ ಕಾರ್ಯಕ್ರಮ ಹೂಡಿತ್ತು. ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಅಕೌಂಟೆಂಟ್ ಹೋಗಿ ನಾವಿಕ ಬಂತು. ತಲೆಗೆ ರುಮಾಲು ಕಟ್ಟಿದರು, ಸೊಂಟಕ್ಕೆ ಲುಂಗಿ ಸುತ್ತಿದರು. ಸಮುದ್ರವಿದ್ಯೆ ಪೂರ್ತಿಯಾಯಿತು.

ಅವರ ಕೈಕೆಳಗೆ ಕೋಯ. ಮೊಬೈಲ್ ಅಂಗಡಿಯಲ್ಲಿ ಫೋನ್ ರಿಪೇರಿ ಮಾಡುತ್ತಿದ್ದವನು. ತನ್ನ ಊರು ಉಳ್ಳಾಲ ಸಮುದ್ರದ ಪಕ್ಕದಲ್ಲಿದೆ ಎಂಬುದೊಂದೇ ಅವನ ಅರ್ಹತೆ.

"ದೋಣಿ ಹತ್ತಿದ್ರೆ ನನಗೆ ವಾಂತಿ ಬರ್ತದೆ ಅಕ್ಕ," ಎಂದಿದ್ದ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ. "ಎಂತ ಮಾಡುದು? ಇಂಟರ್‌ವ್ಯೂನಲ್ಲಿ ಅದನ್ನು ಯಾರೂ ಕೇಳ್ಳೇ ಇಲ್ಲ."

ಇಂಥವರ ಕೈಯಲ್ಲಿ ಹಡಗು ಚಲಿಸುತ್ತಿದ್ದುದಾದರೂ ಹೇಗೆ? ಖರ್ಜೂರದ ಮೂಟೆಗಳಂತೆ ಕಾಣಲೆಂದು ಹೊಟ್ಟು ತುಂಬಿ ಜೋಡಿಸಿದ್ದ ಮೂಟೆಗಳ ಕೆಳಗೆ ಒಂದು ಡೀಸೆಲ್ ಎಂಜಿನ್ ಇತ್ತು. ಅದರ ಸದ್ದು ಕೇಳದಿರಲೆಂದು ಧ್ವನಿವರ್ಧಕದಲ್ಲಿ ಮುತ್ತು ಹೆಕ್ಕುವವರ ಹಾಡು, ವಾಸನೆ ತಿಳಿಯದಿರಲೆಂದು ಬಖೂರಿನ ಧೂಪ. ಗಾಳಿಯ ಪಾಠಶಾಲೆಯಲ್ಲಿ ಗಾಳಿಯೊಂದನ್ನು ಬಿಟ್ಟು ಎಲ್ಲಕ್ಕೂ ಕೆಲಸವಿತ್ತು.

ನಾನು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತಪ್ಪು ಕಂಡರೆ ನನಗೆ ಸುಮ್ಮನಿರಲಾಗದು. ನಮ್ಮ ಶಾಲೆಯ ಮೊಗಸಾಲೆಯಲ್ಲಿ ಕಾಮನಬಿಲ್ಲಿನ ಬಣ್ಣಗಳನ್ನು ತಲೆಕೆಳಗು ಬರೆದಿದ್ದರು. ಪ್ರಿನ್ಸಿಪಾಲರ ಬೆನ್ನು ಬಿಡದೆ ಇಡೀ ಗೋಡೆ ಮತ್ತೆ ಬಳಿಸಿದೆ. ತಪ್ಪು ಉತ್ತರವನ್ನು ರಬ್ಬರಿನಿಂದ ಅಳಿಸಬಾರದು, ಸ್ಕೇಲ್ ಇಟ್ಟು ಒಂದೇ ಗೆರೆ ಎಳೆಯಬೇಕು, ತಪ್ಪು ಯಾವುದೆಂದು ನಾಳೆಯೂ ಕಾಣಬೇಕು: ಇದು ನನ್ನ ತರಗತಿಯ ಕಾನೂನು. ಇಂಥವಳ ಮನೆಯಲ್ಲಿ ಹಿರಿಯೂರಿನ ಕ್ಯಾಪ್ಟನ್ ಹೇಗೆ ಬದುಕಿರಬೇಕು ಎಂದು ಯಾರೂ ಕೇಳಲಿಲ್ಲ. ಸ್ನಾನಕ್ಕೆ ಹೊರಟರೆ, "ನೋಡ್ಕೊಂಡು ಹೋಗ್ರೀ, ಬಕೆಟ್ ಆಳ ಇದೆ," ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಇತ್ತೀಚೆಗೆ ನಗುವುದನ್ನು ನಿಲ್ಲಿಸಿದ್ದರು.

ನಮ್ಮ ಶಾಲೆಯಿಂದ ಹಡಗಿಗೆ ಮೊದಲು ಕರೆದೊಯ್ಯುವುದು ನನ್ನ ಎಂಟನೇ ತರಗತಿಯನ್ನೇ ಎಂದು ಪ್ರಿನ್ಸಿಪಾಲರು ಆರಿಸಿದರು. ಕಾಮನಬಿಲ್ಲಿನ ಸೇಡು ಇರಬಹುದು. ಅದೇ ದಿನ ರಿಯಾದಿನಿಂದ ಕಂಪನಿಯ ದೊಡ್ಡ ಸಾಹೇಬರೂ ಬರುವವರಿದ್ದರು. ಕಾರ್ಯಕ್ರಮ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ನಿರ್ಧರಿಸಲು. ಮೇಲ್ವಿಚಾರಕ ಝಿಯಾವುದ್ದೀನ್, ಹೈದರಾಬಾದಿನವರು, ಧಕ್ಕೆಯಲ್ಲೇ ನನ್ನನ್ನು ತಡೆದು ತಮ್ಮ ಹೈದರಾಬಾದಿ ಹಿಂದಿಯಲ್ಲಿ ಎಚ್ಚರಿಸಿದರು.

"ಮೇಡಂ, ಇಂಜಿನ್ ಕಾ ನಾಮ್ ನಕ್ಕೋ ಲೇವ್. ಬರೀ ಗಾಳಿಯಿಂದ ಹೋಗುತ್ತೆ ಅಂತ ಸಾಹೇಬರಿಗೆ ಹೇಳಿದ್ದೀವಿ. ಗೊತ್ತಾದ್ರೆ ಹಡಗು ಬಂದ್. ಅನಂತ್ ಭಾಯ್‌ಗೂ ಕೋಯನಿಗೂ ಫೈನಲ್ ಎಕ್ಸಿಟ್."

ನಮ್ಮ ಮಗ ಆದರ್ಶನಿಗೆ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಹತ್ತಿರದಲ್ಲಿತ್ತು. ಅಪ್ಪನ ವೀಸಾ ಹೋದರೆ ನಾನೂ ಅವನೂ ಗಂಟುಮೂಟೆ ಕಟ್ಟಬೇಕು, ಅವನ ಒಂದು ವರ್ಷ ಮಣ್ಣುಪಾಲು. ಎಂಜಿನ್ನಿನ ಹೆಸರು ಎತ್ತುವುದಿಲ್ಲ ಎಂದೆ. ಕೇಳದಿದ್ದರೆ ಹೇಳದಿರುವುದು ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹಡಗು ಹೊರಟಿತು. ಫೋಟೋಗಳಲ್ಲಿ ಹಾಯಿ ಕಾಣಲೇಬೇಕೆಂದು ಸಾಹೇಬರು ಅಪ್ಪಣೆ ಕೊಟ್ಟರು. ಕೋಯ ಹಗ್ಗ ಎಳೆದು ಹಾಯಿ ಏರಿಸಿ, ಬಾಯಿಗೆ ಟವೆಲ್ ಒತ್ತಿಕೊಂಡು ಎಂಜಿನ್ನಿನತ್ತ ಇಳಿದುಹೋದ. ಅವತ್ತು ಶಮಾಲ್ ಬೀಸುತ್ತಿತ್ತು, ಉತ್ತರದ ಗಾಳಿ. ನಾವು ಹೊರಟಿದ್ದೂ ಉತ್ತರಕ್ಕೇ. ಗಾಳಿ ಎದುರಿನಿಂದ ಬಡಿದು, ಹಾಯಿ ಕಂಬಕ್ಕೆ ಒತ್ತಿ, ನಮ್ಮ ಕಡೆಗೆ, ಹಿಂದಕ್ಕೆ ಉಬ್ಬಿತು. ಹಡಗು ಮಾತ್ರ ಏನೂ ಆಗದಂತೆ ಮುಂದಕ್ಕೆ ಹೋಗುತ್ತಲೇ ಇತ್ತು. ಸಾಹೇಬರು ಹಾಯಿಯ ಕೆಳಗೆ ನಿಂತು ಒಂದಾದ ಮೇಲೊಂದು ಫೋಟೋ ತೆಗೆಸಿಕೊಂಡರು.

ಹನೀನ್ ಕೈ ಎತ್ತಿದಳು.

ಹನೀನ್ ನನ್ನ ತರಗತಿಯ ಅತಿ ಚುರುಕಿನ ಹುಡುಗಿ. ಅಪ್ಪನಿಗೆ ಜುಬೈಲಿನಲ್ಲಿ ಕೆಲಸ, ಮೂಲ ದೇರಳಕಟ್ಟೆ. ಶಾಲೆಯಲ್ಲಿ ಅವಳ ಬಾಯಿಂದ ಕನ್ನಡ ಕೇಳಿದವರಿಲ್ಲ, ಇಂಗ್ಲಿಷೇ. ಈಗಲೂ ಇಂಗ್ಲಿಷಿನಲ್ಲೇ ಕೇಳಿದಳು.

"ಕ್ಯಾಪ್ಟನ್ ಅಂಕಲ್, ಹಾಯಿ ಹಿಂದಕ್ಕೆ ಉಬ್ಬಿದೆ. ಹಾಗಿದ್ರೆ ಹಡಗು ಮುಂದಕ್ಕೆ ಹೇಗೆ ಹೋಗ್ತಿದೆ?"

ಬೇರೆ ದಿನವಾಗಿದ್ದರೆ ಆ ಪ್ರಶ್ನೆಗೆ ನಾನು ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸುತ್ತಿದ್ದೆ. ಸಾಹೇಬರು ತಿರುಗಿ ನೋಡಿದರು. ಝಿಯಾವುದ್ದೀನ್ ಹಾಡಿನ ಸದ್ದು ಹೆಚ್ಚಿಸಿದರು. ಅನಂತ ಬಾಯಿ ತೆರೆದರು, ಮುಚ್ಚಿದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಮದುವೆಗೆ ಮುಂಚೆ ಸಿಗರೇಟು ಸೇದುತ್ತಿದ್ದುದನ್ನೂ ಹೆಣ್ಣು ನೋಡಲು ಬಂದ ದಿನವೇ ಒಪ್ಪಿಕೊಂಡವರು. ರುಮಾಲಿನ ಕೆಳಗಿನಿಂದ ಬೆವರು ಇಳಿಯುತ್ತಿತ್ತು. ಅವರು ನನ್ನನ್ನು ನೋಡಿದರು. ಇಷ್ಟು ತಿಂಗಳು ನಾನು ನಗೆಯಾಡಿದ ಮುಖ ಅದು. ಅದರಲ್ಲಿ ಅಷ್ಟೊಂದು ಹೆದರಿಕೆ ಇತ್ತೆಂದು ನನಗೆ ಹೊಳೆದದ್ದೇ ಆಗ.

"ನಾನು ಹೇಳ್ತೀನಿ," ಎಂದೆ.

ಸ್ವರ ಗಟ್ಟಿಯಾಗಿಯೇ ಬಂತು, ಅಭ್ಯಾಸ ನೋಡಿ. "ಎದುರಿನ ಗಾಳಿ ಹಾಯಿಗೆ ಬಡಿದು ವಾಪಸ್ ಹೋಗುತ್ತೆ. ಹೋಗುವಾಗ ಹಡಗನ್ನೂ ತನ್ನ ಜೊತೆ ಮುಂದಕ್ಕೆ ಎಳೆಯುತ್ತೆ. ನ್ಯೂಟನ್‌ನ ಮೂರನೇ ನಿಯಮ. ಬರೆದುಕೊಳ್ಳಿ."

ಅದೇ ನಿಯಮವನ್ನು ಹಿಂದಿನ ತಿಂಗಳು ಬಲೂನು ಹಾರಿಸಿ ಸರಿಯಾಗಿ ಕಲಿಸಿದ್ದೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಸಾಹೇಬರು "ಮಾಶಾ ಅಲ್ಲಾಹ್" ಎಂದು ತಲೆದೂಗಿದರು. ಹಳೆಯ ಕಾಲದವರ ಜಾಣ್ಮೆಯನ್ನು ಇಂದಿನ ಪೀಳಿಗೆಗೆ ತಲುಪಿಸುವುದೆಂದರೆ ಇದು, ಕಾರ್ಯಕ್ರಮ ಇನ್ನೂ ಐದು ವರ್ಷ ನಡೆಯಲಿ ಎಂದರು. ಝಿಯಾವುದ್ದೀನ್ ನನ್ನ ಬಳಿಗೆ ಓಡಿಬಂದು, ನಾನು ಹೇಳಿದ್ದನ್ನು ಮೂರು ಭಾಷೆಗಳಲ್ಲಿ ಹಿತ್ತಾಳೆಯ ಹಲಗೆಯ ಮೇಲೆ ಕೆತ್ತಿಸಿ ಹಾಯಿಯ ಕಂಬಕ್ಕೆ ಹೊಡೆಸುವುದಾಗಿ, ಕೆಳಗೆ ನನ್ನ ಹೆಸರನ್ನೂ ಹಾಕಿಸುವುದಾಗಿ ಮಾತು ಕೊಟ್ಟರು. ಕಾಮನಬಿಲ್ಲಾದರೆ ಒಂದು ಕೋಟು ಬಣ್ಣದಲ್ಲಿ ಸರಿಹೋಗಿತ್ತು.

ಅನಂತ ಚುಕ್ಕಾಣಿಯ ಹತ್ತಿರದಿಂದ ಮೆಲ್ಲಗೆ, "ರತ್ನಾ, ನನಗೋಸ್ಕರ ಹೀಗೆ..." ಎಂದರು. ಏನಾದರೂ ಕುಟುಕಬೇಕೆಂದು ಹುಡುಕಿದೆ, ಒಂದೂ ಸಿಗಲಿಲ್ಲ.

ಧಕ್ಕೆ ಹತ್ತಿರ ಬಂತು. ಉಳಿದ ಮಕ್ಕಳು ಲೈಫ್ ಜಾಕೆಟ್ ಬಿಚ್ಚುತ್ತಿದ್ದರು. ಹನೀನ್ ಪುಸ್ತಕ ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತಳು. ಝಿಯಾವುದ್ದೀನ್ ಎರಡೇ ಹೆಜ್ಜೆ ಆಚೆ ಇದ್ದರು. ಅವಳು ಅವರನ್ನೊಮ್ಮೆ ನೋಡಿ, ದನಿ ತಗ್ಗಿಸಿ, ಅವರಿಗೆ ತಿಳಿಯದ ಭಾಷೆಯಲ್ಲಿ, ಕನ್ನಡದಲ್ಲಿ, ಕೇಳಿದಳು:

"ಮಿಸ್, ಇದು ಪರೀಕ್ಷೆಗೂ ಉಂಟಾ? ಅಲ್ಲ, ಇವತ್ತಿಗೆ ಮಾತ್ರವಾ?"

ನಾನೂ ದನಿ ತಗ್ಗಿಸಿದೆ.

"ಇವತ್ತಿಗೆ ಮಾತ್ರ," ಎಂದೆ.

ಅವಳು ತಲೆಯಾಡಿಸಿದಳು. ಚೀಲದಿಂದ ಸ್ಕೇಲ್ ತೆಗೆದು, ನನ್ನ ಉತ್ತರದ ಮೇಲೆ ಇಟ್ಟು, ನಾನು ಕಲಿಸಿದ ಹಾಗೆಯೇ ಒಂದೇ ಗೆರೆ ಎಳೆದಳು.