ತಲೆಕೆಳಗಾದ ಕೆಟಲು

ನನ್ನ ಸೋದರಮಾವನ ಬೋರ್ಡು ಬರೆಯುವ ಅಂಗಡಿಯಲ್ಲಿ ಯಾವ ಬೋರ್ಡೂ ನೆಟ್ಟಗೆ ಇರುವುದಿಲ್ಲ. ಚಪ್ಪಲಿ ಅಂಗಡಿಯದು, ಹಲ್ಲಿನ ಡಾಕ್ಟರದು, ಬೀಗ ರಿಪೇರಿಯವನದು, ಎಲ್ಲವೂ ಗೋಡೆಗೆ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಬರೆಯುವಾಗ ಮೇಜಿನ ಮೇಲೆ ನೆಟ್ಟಗೆ. ಕುಂಚ ಕೆಳಗಿಟ್ಟ ಕೂಡಲೇ ತಿರುಗಿಸಿ ಕ್ಲಿಪ್ಪಿಗೆ ಸಿಕ್ಕಿಸಿಬಿಡಬೇಕು. ಹೊಸ ಗಿರಾಕಿಗಳು ಒಳಗೆ ಬಂದರೆ ಮೊದಲು ಬೋರ್ಡು ನೋಡುತ್ತಾರೆ, ಆಮೇಲೆ ಮಾವನ ಮುಖ ನೋಡುತ್ತಾರೆ, ಆಮೇಲೆ ಕುತ್ತಿಗೆ ಓರೆ ಮಾಡಿಕೊಂಡು ಮತ್ತೆ ಬೋರ್ಡು ನೋಡುತ್ತಾರೆ.

“ಓದೋಕೆ ಬಂದ್ರೆ ಕೆಟ್ಟೆವು,” ಎನ್ನುವುದು ಮಾವನ ವಾದ. “ಓದಿದ ತಕ್ಷಣ ಕಣ್ಣು ಕೆಲಸ ಬಿಟ್ಟು ಕೂತ್ಕೊಳ್ಳತ್ತೆ. ತಿರುಗಿಸಿ ಹಾಕು. ಆಗ ಕಾಣತ್ತೆ ನೋಡು, ಎಲ್ಲಿ ಇಕ್ಕಟ್ಟಾಗಿದೆ, ಎಲ್ಲಿ ಬಯಲಾಗಿದೆ, ಯಾವ ಕಡೆ ವಾಲಿದೆ ಅಂತ.”

ಚಿತ್ರಕಲೆಯಲ್ಲಿ ಪದವಿ ಮುಗಿಸಿ ಸುಮ್ಮನೆ ಕೂತಿದ್ದ ನನ್ನನ್ನು ಅಮ್ಮ ಇಲ್ಲಿಗೆ ತಂದು ಬಿಟ್ಟಾಗ ಮಾವ ಕೊಟ್ಟ ಮೊದಲ ಕೆಲಸ ಬೋರ್ಡು ತಿರುಗಿಸುವುದೇ. ನನಗೆ ಅದು ಒಗ್ಗಿತು, ಯಾರ ಹತ್ತಿರವೂ ಮಾತಾಡಬೇಕಾಗಿರಲಿಲ್ಲವಲ್ಲ. ಎರಡು ತಿಂಗಳಲ್ಲಿ ಕಣ್ಣಿಗೆ ಎಷ್ಟು ರೂಢಿಯಾಯಿತೆಂದರೆ, ಒಂದು ದಿನ ಮನೆಯ ಹೊಸ ಕ್ಯಾಲೆಂಡರನ್ನೂ ತಲೆಕೆಳಗೆ ಕ್ಲಿಪ್ಪಿಗೆ ಸಿಕ್ಕಿಸಿದೆ. ನಾಲ್ಕು ದಿನ ಯಾರೂ ಗಮನಿಸಲಿಲ್ಲ. ಕೊನೆಗೆ ಹೇಳಿದವನು ಹಾಲಿನವನು.

ನನ್ನ ಮಾತು ಡೈರಿಯಲ್ಲಿ ಚೆನ್ನಾಗಿ ಬರುತ್ತದೆ, ಬಾಯಲ್ಲಿ ಬರುವುದಿಲ್ಲ. ಹೋದ ವರ್ಷ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಸಂದರ್ಶನ ಇತ್ತು. “ಕಲೆಯ ಮೂಲಾಂಶಗಳು ಯಾವುವು?” ಎಂದು ಕೇಳಿದರು. ಏಳೂ ಗೊತ್ತಿತ್ತು. ರೇಖೆ, ಆಕಾರ, ಘನರೂಪ, ಬಣ್ಣ, ನೆರಳು-ಬೆಳಕು, ಮೇಲ್ಮೈ, ಖಾಲಿ ಜಾಗ. ಏಳೂ ಒಟ್ಟಿಗೆ ಬಾಗಿಲಿಗೆ ನುಗ್ಗಿ ಗಂಟಲಲ್ಲಿ ಸಿಕ್ಕಿಕೊಂಡವು. ಎದುರು ಕೂತಿದ್ದ ಮೂವರೂ ಕಾದರು. ಫ್ಯಾನು ತಿರುಗುತ್ತಿತ್ತು. ನಾನು ಎದ್ದು, “ಥ್ಯಾಂಕ್ಸ್” ಎಂದು ಹೇಳಿ, ಬಾಗಿಲು ತೆಗೆದು ಹೊರಟೆ. ಅದು ಆಟದ ಸಾಮಾನಿಡುವ ಕೋಣೆ. ಫುಟ್‌ಬಾಲುಗಳ ಮಧ್ಯೆ ಮೂರು ನಿಮಿಷ ನಿಂತಿದ್ದೆ. ಆಮೇಲೆ ಅದೇ ಬಾಗಿಲಿಂದ ಈಚೆ ಬರದೆ ಬೇರೆ ದಾರಿ ಇರಲಿಲ್ಲ. ಈ ಸಲ “ಥ್ಯಾಂಕ್ಸ್” ಕೂಡ ಬರಲಿಲ್ಲ.

ಹಾಗಾಗಿ ಈ ವರ್ಷ ಇನ್ನೊಂದು ಶಾಲೆಯಿಂದ ಪತ್ರ ಬಂದಾಗ ಮೊದಲು ಅದನ್ನು ಡೈರಿಯೊಳಗೆ ಬಚ್ಚಿಟ್ಟೆ. ಗುರುವಾರ ಹತ್ತು ಗಂಟೆಗೆ, ಐದನೇ ತರಗತಿಗೆ, ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ವಿಷಯ: ಕಲೆಯ ಮೂಲಾಂಶಗಳು ಮತ್ತು ವಿನ್ಯಾಸದ ತತ್ವಗಳು. ‘ಈ ಸಲವೂ ಮಾತು ಬರದಿದ್ದರೆ ಇನ್ನೆಲ್ಲಿಗೂ ಅರ್ಜಿ ಹಾಕುವುದಿಲ್ಲ, ಜೀವನಪೂರ್ತಿ ಬೋರ್ಡು ತಿರುಗಿಸುತ್ತೇನೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ನನಗೆ ಮಕ್ಕಳಿಗೆ ಚಿತ್ರ ಕಲಿಸುವುದು ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ. ಅದನ್ನೂ ಡೈರಿಗೆ ಮಾತ್ರ ಹೇಳಿದ್ದೆ.

ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಪತ್ರ ಹೇಗೆ ಸಿಕ್ಕಿತೋ ಗೊತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ಊಟದ ಡಬ್ಬಿಯ ಜೊತೆ ಅದನ್ನೂ ಹಿಡಿದುಕೊಂಡು ಅಂಗಡಿಗೆ ಬಂದರು.

“ಏನೇ ಕಳ್ಳಿ, ನಮಗೆ ಹೇಳಲ್ವಾ? ಇವತ್ತಿಂದ ದಿನಾ ನನಗೆ ಪಾಠ ಮಾಡು. ನಾನೂ ಐದನೇ ಕ್ಲಾಸಿಗೇ ಬಿಟ್ಟೋಳು. ಅಲ್ಲಿಂದಲೇ ಮುಂದುವರಿಸೋಣ.”

ಅತ್ತೆ ಪಾಠ ಕೇಳಲು ಕೂರುತ್ತಿದ್ದ ಜಾಗದ ಬಗ್ಗೆ ಹೇಳಲೇಬೇಕು. ದೊಡ್ಡ ಬೋರ್ಡುಗಳಿಗೆ ಮಾವ ಎರಡು ಎತ್ತರದ ಸ್ಟೂಲುಗಳ ಮೇಲೆ ಉದ್ದನೆಯ ಹಲಗೆ ಹಾಸಿ, ಅದರ ಮೇಲೆ ನಿಂತು ಬರೆಯುತ್ತಾರೆ. ಆದರೆ ಒಂದು ಮೂಲೆಯಲ್ಲಿ ಬಣ್ಣದ ಬೀರು ಇರುವುದರಿಂದ ಆ ಕಡೆ ಸ್ಟೂಲು ಹಿಡಿಸುವುದಿಲ್ಲ. ಹಲಗೆಯ ಒಂದು ತುದಿ ಬೀರುವಿನ ಮೇಲೆ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಮಾವ ಅಲ್ಲಿಗೆ ಹೋಗಬೇಕಾದಾಗ ಈಚೆ ತುದಿಯಲ್ಲಿ ಅತ್ತೆ ಕೂರಬೇಕು. ಅತ್ತೆ ಕುರ್ಚಿ ಹತ್ತಿ, ಕುರ್ಚಿಯಿಂದ ಹಲಗೆ ಹತ್ತಿ, ತೊಡೆಯ ಮೇಲೆ ಬಟಾಣಿಯ ಬುಟ್ಟಿ ಇಟ್ಟುಕೊಂಡು ಸುಲಿಯುತ್ತ ಕೂತುಬಿಟ್ಟರೆ ಮಾವ ನಿಶ್ಚಿಂತೆಯಿಂದ ಗಾಳಿಯ ಮೇಲೆ ನಡೆಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಹೀಗೇ. ಒಂದೇ ಒಂದು ಸಲ ಅತ್ತೆ ಬೀದಿಯಲ್ಲಿ ಯಾರನ್ನೋ ಕಂಡು ಮರೆತು ಎದ್ದಿದ್ದರಂತೆ. ಆ ಕಥೆಯನ್ನು ಮಾವ ಮೊಣಕೈಯ ಗಾಯದ ಗುರುತು ತೋರಿಸಿಯೇ ಹೇಳುವುದು.

“ಪ್ರೀತಿಯ ಮಕ್ಕಳೇ,” ಎಂದು ನಾನು ನೆಲ ನೋಡುತ್ತ ಶುರು ಮಾಡಿದೆ. “ಕಲೆಯ ಮೂಲಾಂಶಗಳು ಏಳು...”

“ಜೋರಾಗಿ. ಬಟಾಣಿಗೂ ಕೇಳಿಸ್ತಿಲ್ಲ.”

“ವಿನ್ಯಾಸದ ತತ್ವಗಳಲ್ಲಿ ಮೊದಲನೆಯದು ಸಮತೋಲನ. ಇದರಲ್ಲಿ ಎರಡು ಬಗೆ. ಎರಡೂ ಕಡೆ ಸಮಾನವಾಗಿ ಇರೋದು ಒಂದು. ಒಂದು ಕಡೆ ಭಾರವಾದದ್ದು ಹತ್ತಿರದಲ್ಲಿ, ಇನ್ನೊಂದು ಕಡೆ ಹಗುರವಾದದ್ದು ದೂರದಲ್ಲಿ ಇದ್ದು ತೂಗೋದು ಇನ್ನೊಂದು...”

“ಅದು ನಾವಲ್ವಾ!” ಎಂದರು ಅತ್ತೆ. “ರೀ, ಕೇಳಿಸ್ತಾ? ನಾವು ಪುಸ್ತಕದಲ್ಲಿದೀವಂತೆ.”

“ಭಾರವಾದದ್ದು ಯಾರು ಅಂತಾನೂ ಬರೆದಿದಾರಾ?” ಎಂದು ಬೀರುವಿನ ಮೇಲಿಂದ ಮಾವನ ದನಿ ಬಂತು.

“ಈಗ ಎದ್ದೇನು, ಹುಷಾರು!”

ಪಾಠ ಡೈರಿಯಲ್ಲಿ ಆರು ಪುಟ ಆಯಿತು. ಬಾಯಿಪಾಠ ಮಾಡಿದೆ. ಜೊತೆಗೆ ದಪ್ಪ ಹಾಳೆಯ ಮೇಲೆ ಒಂದು ದೊಡ್ಡ ಚಿತ್ರ. ಏಳು ಮೂಲಾಂಶಗಳಿಗೆ ಏಳು ಚೌಕ ಮಾಡುವ ಬದಲು ಒಂದೇ ಚಿತ್ರದಲ್ಲಿ ಏಳೂ ಬರಲಿ ಎಂದುಕೊಂಡೆ. ಅಂಗಡಿಯ ಮೇಜು, ಅದರ ಮೇಲೆ ನಮ್ಮ ಮಸಿ ಹಿಡಿದ ಕೆಟಲು, ಪಕ್ಕದಲ್ಲಿ ಬೆತ್ತದ ಕುರ್ಚಿ, ಬಲಗಡೆ ಮೇಲೆ ತೆರೆದ ಕಿಟಕಿ. ನಾಲ್ಕು ದಿನ ಹಿಡಿಯಿತು. ಅಂಗಡಿಯ ಪದ್ಧತಿಯಂತೆ ಪ್ರತಿ ಸಲ ಕುಂಚ ಇಟ್ಟ ಕೂಡಲೇ ತಿರುಗಿಸಿ ನೇತುಹಾಕಿ, ದೂರ ನಿಂತು ನೋಡಿದೆ. ಬುಧವಾರ ಸಂಜೆ ಬಣ್ಣ ಒಣಗಿದ ಮೇಲೆ ಗೋಡೆಯ ಮೇಲಿರುವಾಗಲೇ ಮೇಲಂಚಿಗೆ ಪಟ್ಟಿ ಅಂಟಿಸಿ, ಎರಡು ತೂತು ಕೊರೆದು, ಗಟ್ಟಿ ದಾರ ಕಟ್ಟಿದೆ. ಮಾವ ದಾರ ಎಳೆದು ನೋಡಿ, “ಆನೇನೂ ತೂಗುಹಾಕಬಹುದು,” ಎಂದರು. ಇಬ್ಬರಿಗೂ ಬೇರೇನೂ ಕಾಣಲಿಲ್ಲ. ಸುರುಳಿ ಸುತ್ತಿ ಇಟ್ಟುಕೊಂಡೆ.

ಗುರುವಾರ ಐದನೇ ತರಗತಿಯ ಕೋಣೆಯಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಕೊನೆಯ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಪೆನ್ಸಿಲು. ನಾನು ಮೊದಲು ನೋಡಿಕೊಂಡದ್ದು ಎಷ್ಟು ಬಾಗಿಲುಗಳಿವೆ ಎಂದು. ಒಂದೇ ಇತ್ತು. ಅಷ್ಟು ಸಮಾಧಾನ.

ಮಕ್ಕಳಿಗೆ ಬೆನ್ನು ಹಾಕಿ ಕರಿಹಲಗೆಯ ಮೇಲಿನ ಮೊಳೆಗೆ ದಾರ ಸಿಕ್ಕಿಸಿ, ಸುರುಳಿ ಬಿಚ್ಚಿದೆ. ಚಿತ್ರ ಸರಿಯಾಗಿ ಕೂತಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ನಾಲ್ಕು ದಿನ ನೋಡಿದ ಹಾಗೇ ಇತ್ತು, ಚೆನ್ನಾಗಿತ್ತು. ತಿರುಗಿ, “ಪ್ರೀತಿಯ ಮಕ್ಕಳೇ,” ಎಂದೆ.

ಇಡೀ ತರಗತಿ ಗೊಳ್ಳೆಂದು ನಕ್ಕಿತು.

ಬಟ್ಟೆಗೇನಾದರೂ ಬಣ್ಣ ಮೆತ್ತಿದೆಯೇ, ದನಿ ಕೀರಲಾಯಿತೇ? ಆರು ಪುಟಗಳೂ ತಲೆಯಿಂದ ಇಳಿದು ಹೋದವು. ಏಳು ಮೂಲಾಂಶಗಳು ಗಂಟಲ ಬಾಗಿಲಿಗೆ ಬಂದು ಹಳೆಯ ಹಾಗೇ ನೂಕುನುಗ್ಗಲು ಶುರುಮಾಡಿದವು. ಕೊನೆಯ ಬೆಂಚಿನಲ್ಲಿ ಪೆನ್ಸಿಲು ಏನೋ ಬರೆಯಿತು.

ಮುಂದಿನ ಸಾಲಿನ ಎರಡು ಜಡೆಯ ಹುಡುಗಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಮೆಲ್ಲಗೆ, “ಮಿಸ್, ಚಿತ್ರ ತಲೆಕೆಳಗಾಗಿದೆ,” ಎಂದಳು.

ತಿರುಗಿ ನೋಡಿದೆ. ಆಗಲೂ ನನ್ನ ಕಣ್ಣಿಗೆ ಅದು ತಲೆಕೆಳಗಾಗಿದೆ ಅನ್ನಿಸಲಿಲ್ಲ. ಕೆಟಲಿನ ಮೂತಿ ಯಾವ ಕಡೆ ಇದೆ ಎಂದು ಹುಡುಕಿ, ಲೆಕ್ಕ ಹಾಕಿ, ಹೌದಲ್ಲ ಎಂದುಕೊಂಡೆ. ನೆಟ್ಟಗೆ ಹಾಕೋಣವೆಂದರೆ ಆ ಬದಿಗೆ ದಾರವಿಲ್ಲ. ಕಟ್ಟಿದ್ದ ಗಂಟು ಆನೆ ತೂಗುವ ಗಂಟು, ಬಿಚ್ಚುವ ಹಾಗೂ ಇಲ್ಲ.

“ಹೌದು,” ಎಂದೆ. ಆಗ ಬಾಯಿಂದ ಬಂದದ್ದು ದಿನಾ ಮಾವ ನನ್ನನ್ನು ಕೇಳುವ ಮಾತು. “ತಲೆಕೆಳಗಾಗಿದೆ. ಈಗ ಹೇಳಿ, ಏನು ಕಾಣತ್ತೆ?”

“ಕೆಟಲ್!” ಎಂದರು ನಾಲ್ಕೈದು ಜನ.

“ಅದು ಏನು ಅಂತ ಬೇಡ. ಏನು ಕಾಣತ್ತೆ ಅಂತ ಹೇಳಿ.”

ಒಬ್ಬ ಕುತ್ತಿಗೆ ಓರೆ ಮಾಡಲು ಹೋದ. “ಓರೆ ಮಾಡಬಾರದು, ಅದು ಮೋಸ!” ಎಂದೆ. ಅದೂ ಮಾವನ ಮಾತೇ.

“ಕರೀ ಗುಂಡು. ಮೇಲಿಂದ ಇಳಿಬಿದ್ದಿದೆ.”

“ಗುಂಡಾ, ತಟ್ಟೆ ಥರ ಚಪ್ಪಟೆಯಾ?”

“ಗುಂಡೇ ಮಿಸ್. ಒಂದು ಪಕ್ಕ ಮಿಂಚ್ತಿದೆ, ಇನ್ನೊಂದು ಪಕ್ಕ ಕತ್ತಲೆ.”

“ಅಲ್ಲಿ ಗೆರೆ ಗೆರೆ ಗೆರೆ ಗೆರೆ,” ಎಂದು ಇನ್ನೊಬ್ಬಳು ಬೆತ್ತದ ಕುರ್ಚಿ ತೋರಿಸಿ ಬೆರಳಲ್ಲಿ ಬೆಂಚು ಕೆರೆದಳು. “ಮುಟ್ಟಿದ್ರೆ ಚುಚ್ಚತ್ತೆ ಅನ್ಸತ್ತೆ.”

“ಕುಣಿಯೋ ಹಾಗಿದೆ ಆ ಗೆರೆಗಳು.”

“ಅದಕ್ಕೆ ಲಯ ಅಂತಾರೆ,” ಎಂದೆ. ಅವರು ಕಂಡದ್ದಕ್ಕೆಲ್ಲ ಹೆಸರು ಕೊಡುತ್ತ ಹೋದೆ. ಏಳರಲ್ಲಿ ಐದು ಹೀಗೇ ಬಂದುಬಿಟ್ಟವು. ಬಣ್ಣ ಮತ್ತು ಖಾಲಿ ಜಾಗ ಬಾಕಿ ಇದ್ದವು. ಗಂಟಲಲ್ಲಿ ನೂಕುನುಗ್ಗಲು ಯಾವಾಗ ನಿಂತಿತೋ ತಿಳಿಯಲಿಲ್ಲ.

ಎರಡು ಜಡೆಯವಳು ಮಾತ್ರ ಹುಬ್ಬು ಗಂಟಿಕ್ಕಿಕೊಂಡಿದ್ದಳು. “ಮಿಸ್, ಒಂದು ಹೇಳ್ಲಾ? ಬೈಬಾರದು.”

“ಹೇಳು.”

“ಬಲಗಡೆಗೆ ಬಿದ್ದುಹೋಗೋ ಹಾಗಿದೆ. ಎಲ್ಲಾ ಸಾಮಾನು ಅಲ್ಲೇ ಇಟ್ಟಿದೀರ. ಈ ಕಡೆ ಏನೂ ಇಲ್ಲ.”

ನೋಡಿದೆ. ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಕೆಟಲು, ಕುರ್ಚಿ, ಮೇಜಿನ ನೆರಳು ಎಲ್ಲ ಒಂದೇ ಬದಿಗೆ ಒತ್ತರಿಸಿಕೊಂಡಿದ್ದವು. ಇನ್ನೊಂದು ಬದಿಯಲ್ಲಿ ಬರಿಯ ಕಿಟಕಿ. ನಾಲ್ಕು ದಿನ ತಲೆಕೆಳಗೆ ನೋಡಿ ನೋಡಿ ನನ್ನ ಕಣ್ಣು ಅದಕ್ಕೂ ಒಗ್ಗಿ, ಕೆಲಸ ಬಿಟ್ಟು ಕೂತಿತ್ತು. ಪೆನ್ಸಿಲು ಮತ್ತೆ ಬರೆಯಿತು.

“ಬೈಯೋದ್ಯಾಕೆ? ನೀನು ಹೇಳಿದ್ದೇ ಸರಿ,” ಎಂದೆ. “ನಾನು ತಪ್ಪು ಮಾಡಿದೀನಿ. ಖಾಲಿ ಜಾಗಾನೂ ಒಂದು ಸಾಮಾನೇ, ಅದನ್ನ ನೋಡ್ಕೊಂಡು ಇಡಬೇಕು. ಈಗ ಸರಿ ಮಾಡೋದು ಹೇಗೆ?”

“ಇಲ್ಲೂ ಒಂದು ಕೆಟಲ್ ಬರೀರಿ!”

“ಅಷ್ಟು ದೊಡ್ಡದು ಬೇಕಾಗಿಲ್ಲ. ನಮ್ಮ ಮನೇಲಿ ಅತ್ತೆ ದಪ್ಪ, ಮಾವ ಕಡ್ಡಿ ಥರ,” ಎಂದು ಹಲಗೆ, ಸ್ಟೂಲು, ಬಟಾಣಿ ಎಲ್ಲವನ್ನೂ ಹೇಳಿದೆ, ಅತ್ತೆ ಮರೆತು ಎದ್ದದ್ದನ್ನೂ ಬಿಡಲಿಲ್ಲ. ಮಕ್ಕಳು ಬೆಂಚು ಬಡಿದು ನಕ್ಕರು. ಕೊನೆಯ ಬೆಂಚಿನಿಂದಲೂ ಒಂದು ನಗು ಬಂದ ಹಾಗಾಯಿತು. “ದೂರದಲ್ಲಿದ್ರೆ ಚಿಕ್ಕದೇ ಸಾಕು. ಕಣ್ಣು ಅಲ್ಲಿಗೆ ಓಡಬೇಕು, ಅಷ್ಟೇ. ಬಣ್ಣ ಯಾವುದು?”

“ಕೆಂಪು!” ಎಂದರು ಮೂವತ್ತೆಂಟು ಜನರೂ.

ಕೆಂಪು ಕ್ರೇಯಾನು ಎರಡು ಜಡೆಯವಳ ಕೈಗೆ ಕೊಟ್ಟೆ. ಅವಳು ತುಂಬ ಹೊತ್ತು ಯೋಚಿಸಿ, ತುದಿಗಾಲಲ್ಲಿ ಓಡಿಬಂದು, ಕೆಳಗಿನ ಎಡ ಮೂಲೆಯ ಕಿಟಕಿಯೊಳಗೆ ಒಂದು ಪುಟ್ಟ ಚೆಂಡು ಬರೆದಳು. “ಚೆಂಡಾದ್ರೆ ತಲೆಕೆಳಗೆ ಬರೆದ್ರೂ ಗೊತ್ತಾಗಲ್ಲ,” ಎಂದು ಕಾರಣವನ್ನೂ ಕೊಟ್ಟಳು. ಚಿತ್ರ ವಾಲುವುದು ನಿಂತಿತು. ಯಾರೋ “ಹಾ” ಎಂದರು.

ನಾನು ದಾರವನ್ನು ಮೊಳೆಯಿಂದ ಬಿಡಿಸಿ, ಹಾಳೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ನೆಟ್ಟಗೆ ಹಿಡಿದೆ. ಕಿಟಕಿ ಮೇಲೆ ಬಲಕ್ಕೆ ಹೋಯಿತು. ಅದರಾಚೆಯ ಆಕಾಶದಲ್ಲಿ ಕೆಂಪು ಚೆಂಡು.

“ಮಿಸ್! ಯಾರೋ ಹೊರಗಿಂದ ಎಸೆದಿದಾರೆ!”

“ಕೆಟಲಿಗೆ ಬೀಳತ್ತೆ! ಕೆಟಲಿಗೆ ಬೀಳತ್ತೆ!”

ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಮಕ್ಕಳು ಆಟಕ್ಕೆ ಹೋದ ಮೇಲೆ ಮುಖ್ಯೋಪಾಧ್ಯಾಯಿನಿ ಚಿತ್ರದ ಹತ್ತಿರ ಬಂದು ಕನ್ನಡಕ ಮೇಲಕ್ಕೇರಿಸಿದರು. “ಮುಂಚೆ ಬಂದ ಇಬ್ಬರೂ ಏಳು ಹೆಸರು ಬರೆಸಿ ಹೋದ್ರು. ನೀವು ಬೇಕಂತಲೇ ತಲೆಕೆಳಗೆ ಹಾಕಿದ್ದು ಒಳ್ಳೇ ಉಪಾಯ.”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಬೇಕಂತ ಅಲ್ಲ ಮೇಡಂ. ದಾರಾನೇ ತಪ್ಪು ಕಡೆ ಕಟ್ಟಿದೀನಿ. ಹಾಕಿದ ಮೇಲೂ ನನಗೆ ಗೊತ್ತಾಗಲಿಲ್ಲ.”

ಅವರು ನನ್ನನ್ನು ನೋಡಿದರು, ದಾರ ನೋಡಿದರು, ಗಂಟು ಎಳೆದು ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಸೋಮವಾರ ಬನ್ನಿ. ಸದ್ಯಕ್ಕೆ ಬೆಳಗಿನ ಚಿಕ್ಕ ಮಕ್ಕಳ ತರಗತಿಗಳು ಮಾತ್ರ. ದೊಡ್ಡ ಮಕ್ಕಳ ವಿಷಯ ಆಮೇಲೆ ನೋಡೋಣ. ಇನ್ನೊಂದು ಬದಿಗೂ ಒಂದು ದಾರ ಕಟ್ಕೊಂಡು ಬನ್ನಿ.”

ಅಂಗಡಿಯ ತನಕ ಹೇಗೆ ಬಂದೆನೋ ನೆನಪಿಲ್ಲ. ಬಾಗಿಲಲ್ಲೇ ನಿಂತೆ. ಒಳಗೆ ಮಾವ ಬೀರುವಿನ ಮೇಲೆ, ಹಲಗೆಯ ತುತ್ತತುದಿಯಲ್ಲಿ, ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ. ಈಚೆ ತುದಿಯಲ್ಲಿ ಅತ್ತೆ, ತೊಡೆಯ ಮೇಲೆ ಬುಟ್ಟಿ. ಇಬ್ಬರೂ ನನ್ನ ಮುಖ ನೋಡಿದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಮುಖವೇ ಎಲ್ಲ ಹೇಳಿರಬೇಕು.

“ಸಿಕ್ತಾ?” ಎಂದರು ಅತ್ತೆ. ಬುಟ್ಟಿ ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿ, ಹಲಗೆಯಿಂದ ಮೇಲೇಳಹೋದರು.

“ಅತ್ತೇ, ಏಳಬೇಡಿ!”

ನನ್ನ ಕೂಗಿಗೆ ಎದುರಿನ ಅಂಗಡಿಯವನು ಹೊರಗೆ ಬಂದು ನೋಡಿದ. ಗೋಡೆಯ ಬೋರ್ಡುಗಳು ಅಲುಗಿದವೆಂದು ಮಾವ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅತ್ತೆ ದೊಪ್ಪನೆ ಕೂತರು. ಹಲಗೆ ಒಮ್ಮೆ ತೂಗಿ ನಿಂತಿತು. ಬಟಾಣಿ ಕೋಣೆಯ ತುಂಬ ಉರುಳುತ್ತ ಹೋಯಿತು.

ಮಾವ ಗಾಳಿಯಲ್ಲಿ ಬಗ್ಗಿ, ಡಬ್ಬಿಯನ್ನು ಎದೆಗವಚಿಕೊಂಡು, ನಿಧಾನವಾಗಿ ಉಸಿರು ಬಿಟ್ಟರು.

“ಇಷ್ಟು ದೊಡ್ಡ ಗಂಟಲನ್ನ ಇಷ್ಟು ದಿನ ಎಲ್ಲಿಟ್ಟಿದ್ಯೇ, ತಾಯಿ?”