ಹನ್ನೊಂದೂ ಇಪ್ಪತ್ತರ ಪೀಪಾಯಿಗಳು

ಎರಡು ಬೀದಿಗಳು ಕೂಡುವ ಮೂಲೆಯಲ್ಲೊಂದು ಪಬ್ಬು. ಗಂಡನನ್ನು ಕಳೆದುಕೊಂಡ ಮೇಲೆ ಅದನ್ನು ಒಬ್ಬಳೇ ನಡೆಸುತ್ತಿದ್ದವಳನ್ನು ಗಿರಾಕಿಗಳೆಲ್ಲ ‘ಅಕ್ಕ’ ಎನ್ನುತ್ತಿದ್ದರು. ಎದುರಿಗೆ ಬೇಕರಿ, ಅದರ ಮಹಡಿಯಲ್ಲೇ ಮನೆ ಮಾಡಿಕೊಂಡಿದ್ದ ಒಡತಿ ಅಕ್ಕನ ನಾದಿನಿ, ಅಂದರೆ ಪಬ್ಬು ಕಟ್ಟಿದ ಮಾವನ ಸ್ವಂತ ಮಗಳು. ಪ್ರತಿದಿನ ಬೆಳಿಗ್ಗೆ ಬಿಸಿ ಬ್ರೆಡ್ಡು ಬೀದಿ ದಾಟಿ ಈಚೆಗೆ ಬರುತ್ತಿತ್ತು, ಖಾಲಿ ತಟ್ಟೆ ಆಚೆಗೆ ಹೋಗುತ್ತಿತ್ತು. ಮಾತು ಮಾತ್ರ ಎರಡು ತಿಂಗಳಿಂದ ಬೀದಿ ದಾಟಿರಲಿಲ್ಲ.

ಕಾರಣ ಒಂದು ಅರ್ಜಿ. ಹಿಂದಿನ ವರ್ಷ ನೇಯ್ಗೆ ಕಾರ್ಖಾನೆಯಲ್ಲಿ ಎರಡನೆಯ ಪಾಳಿ ಶುರುವಾದಾಗ, ಒಂಬತ್ತಕ್ಕೆ ಮುಚ್ಚುತ್ತಿದ್ದ ಪಬ್ಬಿಗೆ ಹನ್ನೊಂದರವರೆಗೆ ಪರವಾನಗಿ ಸಿಕ್ಕಿತ್ತು, ಒಂದು ವರ್ಷದ ಮಟ್ಟಿಗೆ. ಈಗ ಅದು ನವೀಕರಣವಾಗಬೇಕು. ಅಷ್ಟರಲ್ಲಿ ಬೀದಿಯ ಹನ್ನೊಂದು ಮನೆಯವರು, ‘ರಾತ್ರಿ ಗಲಾಟೆಯಿಂದ ನಿದ್ದೆಯಿಲ್ಲ, ಮೊದಲಿನಂತೆ ಒಂಬತ್ತಕ್ಕೇ ಮುಚ್ಚಿಸಿ’ ಎಂದು ಬರೆದುಕೊಟ್ಟಿದ್ದರು. ಮೊದಲ ಸಹಿ ನಾದಿನಿಯದು. ಪಾಳಿ ಬಿಡುವುದೇ ಒಂಬತ್ತೂವರೆಗೆ. ಅಕ್ಕನ ಗಿರಾಕಿಗಳೆಲ್ಲ ಈಗ ಆ ಪಾಳಿಯವರೇ. ಒಂಬತ್ತಕ್ಕೆ ಬಾಗಿಲು ಹಾಕುವುದೆಂದರೆ, ಊಟಕ್ಕೆ ಕರೆದು ಅಡುಗೆಮನೆಗೆ ಬೀಗ ಜಡಿದ ಹಾಗೆ. ಪಬ್ಬು ಉಳಿಯುತ್ತಿರಲಿಲ್ಲ.

ಅಕ್ಕ ಕೈಕಟ್ಟಿ ಕೂರಲಿಲ್ಲ. ಬಾಗಿಲಿಗೆ ದಪ್ಪ ಕಂಬಳಿಯ ಪರದೆ ಇಳಿಬಿಟ್ಟಳು, ಕುರ್ಚಿಯ ಕಾಲುಗಳಿಗೆ ಬಟ್ಟೆ ಸುತ್ತಿದಳು, ಹೊರಡುವವರ ಮುಂದೆ ತುಟಿಗೆ ಬೆರಳಿಟ್ಟು ನಿಂತಳು.

“ಅಕ್ಕಾ, ಇದು ಪಬ್ಬೋ, ಪರೀಕ್ಷೆ ಹಾಲೋ?” ಎಂದು ಕೇಳಿದ ಕಾರ್ಖಾನೆಯ ಮೇಸ್ತ್ರಿ. ಅವನ ಗಂಟಲಿನ ಪುಣ್ಯದಿಂದ ಅವನಿಗೆ ನಗಾರಿ ಎಂದೇ ಅಡ್ಡಹೆಸರು.

“ನಿನ್ನ ಗಂಟಲು ಕಾರ್ಖಾನೇಲಿ ಇಟ್ಟು ಬಾರಯ್ಯ. ನೀನು ಪಿಸುಗುಟ್ಟಿದ್ರೂ ಮೂರನೇ ಬೀದಿಗೆ ಕೇಳತ್ತೆ.”

ಅಂದಿನಿಂದ ನಗಾರಿಯೂ ಕಳ್ಳಬೆಕ್ಕಿನಂತೆ ಹೆಜ್ಜೆಯಿಡತೊಡಗಿದ. ಹನ್ನೊಂದು ಹೊಡೆಯುವ ಮೊದಲೇ ಬೀದಿ ಬರಿದು. ಆಮೇಲೆ ಅಕ್ಕ, ಮಾವ ಹಾಕಿಕೊಟ್ಟ ಕ್ರಮ ತಪ್ಪದಂತೆ, ಅಂದಿನ ಖಾಲಿ ಪೀಪಾಯಿಗಳನ್ನು ಪಕ್ಕದ ಕಲ್ಲುಹಾಸಿನ ಓಣಿಯಲ್ಲಿ ಒಂದೊಂದಾಗಿ ಉರುಳಿಸಿಕೊಂಡು ಹೋಗಿ, ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿ, ಮರದ ಸುತ್ತಿಗೆಯಿಂದ ಮೂರು ಸಲ ತಟ್ಟುತ್ತಿದ್ದಳು. ‘ತಟ್ಟಿ ಕೇಳದೆ ಪೀಪಾಯಿಯನ್ನು ಖಾಲಿ ಅನ್ನಬಾರದು, ಇವತ್ತಿನದನ್ನ ನಾಳೆಗೆ ಉಳಿಸಬಾರದು’ ಎಂಬುದು ಮಾವನ ಮಾತು. ಮಾಡಬೇಕಾದದ್ದನ್ನೆಲ್ಲ ಮಾಡಿದೆನೆಂಬ ನೆಮ್ಮದಿಯಿಂದ ಅವಳು ಮಲಗುತ್ತಿದ್ದಳು. ಆದರೂ ಬೀದಿಯವರು ಅರ್ಜಿ ಹಿಂತೆಗೆದುಕೊಳ್ಳಲಿಲ್ಲ.

ವಿಚಾರಣೆಯ ದಿನ ಪರವಾನಗಿ ಕಚೇರಿಯಲ್ಲಿ ಅತ್ತಿಗೆ ಒಂದು ಬೆಂಚು, ನಾದಿನಿ ಇನ್ನೊಂದು ಬೆಂಚು. ನಾದಿನಿಯ ಹಿಂದೆ ನೆರೆಹೊರೆಯವರು, ಅಕ್ಕನ ಹಿಂದೆ ನಗಾರಿ. ಅಧಿಕಾರಿ ಕನ್ನಡಕ ಏರಿಸಿ ಕೇಳಿದರು: “ಗಲಾಟೆ ಅಂತಷ್ಟೇ ಬರ್ದಿದೀರಿ. ಎಷ್ಟು ಹೊತ್ತಿಗೆ?”

“ಹನ್ನೊಂದೂ ಇಪ್ಪತ್ತಕ್ಕೆ,” ಎಂದಳು ನಾದಿನಿ. “ದಿನಾ. ಗಡಿಯಾರ ಇಟ್ಟ ಹಾಗೆ. ನಾನು ಮೂರಕ್ಕೆ ಏಳಬೇಕು ಸಾರ್, ಹಿಟ್ಟು ಕಾಯಲ್ಲ.”

ಅಕ್ಕ ಧಡಕ್ಕನೆ ಎದ್ದಳು. “ಶುದ್ಧ ಸುಳ್ಳು! ಹನ್ನೊಂದಕ್ಕೆ ನನ್ನ ಬೀಗ ಬಿದ್ದಿರತ್ತೆ. ಆಮೇಲೆ ಅಲ್ಲಿ ಒಂದು ನರಪಿಳ್ಳೆ ಇರಲ್ಲ.”

“ಯಾರೂ ಇರಲ್ವಾ?”

“ನಾನೊಬ್ಬಳೇ. ಪೀಪಾಯಿ ಉರುಳಿಸ್ತಾ…”

ಅಕ್ಕ ಎದ್ದಷ್ಟೇ ಬೇಗ ಕೂತಳು. ತನ್ನ ಗೊರಕೆ ತನಗೆ ಕೇಳದು ಎನ್ನುವುದು ಸುಳ್ಳಲ್ಲ.

“ಒಂದು ವರ್ಷ ನನ್ನ ಬಾಯಿಗೆ ಬೀಗ ಹಾಕಿಸ್ದೆಯಲ್ಲಾ ತಾಯೀ!” ಎಂಬ ನಗಾರಿಯ ಉದ್ಗಾರಕ್ಕೆ ಮೇಜಿನ ಮೇಲಿನ ಗಾಜಿನ ಲೋಟ ಝಣಗುಟ್ಟಿತು. ನೆರೆಯವರು ನಕ್ಕರು, ಅಧಿಕಾರಿಯೂ ನಕ್ಕರು.

“ಎರಡು ತಿಂಗಳು ಕಣೋ, ಒಂದು ವರ್ಷ ಅಲ್ಲ,” ಎಂದು ಅವನನ್ನು ಗದರಿ, ಅಕ್ಕ ನಾದಿನಿಯ ಕಡೆ ತಿರುಗಿದಳು. “ನಿನಗೆ ಗೊತ್ತಿತ್ತೇನೇ?”

ನಾದಿನಿ ನಗಲಿಲ್ಲ. ಉಗುರಿನ ಸಂದಿನ ಒಣಹಿಟ್ಟು ಕೆರೆಯುತ್ತಾ ಹೇಳಿದಳು: “ಹುಟ್ಟಿದಾಗಿಂದ ಕೇಳ್ತಿರೋ ಸದ್ದು ಅತ್ತಿಗೆ, ಗೊತ್ತಾಗ್ದೆ ಇರತ್ತಾ? ಆಗ ಒಂಬತ್ತಕ್ಕೆ ಕೇಳ್ತಿತ್ತು. ಕೊನೇ ಪೀಪಾಯಿಗೆ ಮೂರನೇ ಏಟು ಬಿದ್ದರೆ, ಅಪ್ಪ ಬಾಗಿಲು ಹಾಕಿದ್ರು ಅಂತ ನಿದ್ದೆ ಹತ್ತೋದು. ಈಗ ಅದೇ ಏಟಿಗೆ ಎಚ್ಚರ ಆಗತ್ತೆ. ಅಪ್ಪನ ಪದ್ಧತಿ ಬಿಡಿ ಅಂತ ಯಾವ ಬಾಯಲ್ಲಿ ಹೇಳ್ಲಿ? ನನ್ನ ಅಣ್ಣನೂ ಬಿಡಲಿಲ್ಲ, ನೀವೂ ಬಿಡಲಿಲ್ಲ. ಅದಕ್ಕೇ ಹೊತ್ತಿನ ಮೇಲೆ ದೂರು ಕೊಟ್ಟೆ.”

“ಅಯ್ಯೋ ಹುಚ್ಚೀ,” ಎಂದು ಅಕ್ಕ ಬೆಂಚು ಬದಲಾಯಿಸಿ ಅವಳ ಪಕ್ಕ ಕುಳಿತಳು.

ಹಿಂದೆ ಕುಳಿತವರಿಗೂ ಅದೇ ಸದ್ದಿನ ಬಾಧೆಯೆಂದು ಖಚಿತಪಡಿಸಿಕೊಂಡು, ಅಧಿಕಾರಿ ಪರವಾನಗಿಯನ್ನು ಹನ್ನೊಂದರವರೆಗೇ ಉಳಿಸಿದರು. ಕೆಳಗೊಂದು ಷರತ್ತು ಬರೆದರು: ಬಾಗಿಲು ಹಾಕಿದ ಮೇಲೆ ಪೀಪಾಯಿ ಅಲುಗಕೂಡದು.

ಹೀಗೆ ಅಂದಂದಿನ ಪೀಪಾಯಿಗಳು ಮಾವನ ಮಾತು ಮೀರಿ ಮರುದಿನಕ್ಕೆ ಉಳಿಯತೊಡಗಿದವು. ಮರುದಿನ ಸಂಜೆ, ಪಾಳಿ ಬಿಡುವ ಮೊದಲು, ಸರಿಯಾಗಿ ಎಂಟಕ್ಕೆ ಅಕ್ಕ ಅವನ್ನು ಉರುಳಿಸುತ್ತಾಳೆ. ಓಣಿಯ ಮಕ್ಕಳು ಇನ್ನೂ ಎದ್ದಿರುತ್ತಾರೆ, ಯಾರ ನಿದ್ದೆಯೂ ಕೆಡುವುದಿಲ್ಲ. ಕೊನೆಯ ಪೀಪಾಯಿಗೆ ಬಂದಾಗ ಅವಳು ಶೆಡ್ಡಿನ ಬಾಗಿಲನ್ನು ಬೇಕೆಂದೇ ತೆರೆದಿಡುತ್ತಾಳೆ. ಒಂದು ಏಟು, ಎರಡು. ಸುತ್ತಿಗೆಯನ್ನು ಎತ್ತಿ ಹಿಡಿದು ಓಣಿಯ ತುದಿಯಲ್ಲಿ ಕಾಣುವ ಬೇಕರಿಯ ಮಹಡಿಯತ್ತ ನೋಡುತ್ತಾಳೆ. ಮೂರನೆಯ ಏಟು ಬೀಳುತ್ತದೆ, ಬೇಕರಿಯವಳ ಕಿಟಕಿಯ ದೀಪ ಆರುತ್ತದೆ.