ಚುಚ್ಚದ ಮೂಲೆಗಳು

ಕತ್ತರಿಯ ಬಾಯಿ ಸಡಿಲವಾಗಿದೆ, ಒಂದು ಹನಿ ಎಣ್ಣೆ ಬಿಟ್ಟರೆ ಸರಿಹೋದೀತು, ಎಂದುಕೊಳ್ಳುತ್ತಲೇ ಔಷಧಿ ಅಂಗಡಿಯವನು ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದ, ಕೌಂಟರಿನ ಆಚೆ ಹುಡುಗಿಯೊಬ್ಬಳು ಚೀಟಿ ಮುಂದಕ್ಕೆ ತಳ್ಳಿ ಹೇಳುತ್ತಿದ್ದಾಳೆ, ಅಪ್ಪ ಹಜ್‌ಗೆ ಹೊರಟಿದ್ದಾರೆ, ನಲವತ್ತು ದಿನದ್ದು ಕೊಡಿ, ಒಂದೊಂದೇ ಬಿಡಿಸಿ ದಿನಕ್ಕೊಂದು ಪೊಟ್ಟಣ ಮಾಡಿ, ನಿಮ್ಮ ದೊಡ್ಡಮ್ಮನಿಗೆ ಮಾಡಿಕೊಟ್ಟಿದ್ರಂತಲ್ಲ, ಹಾಗೆ — ಹಾಗೆ, ಹೌದು, ಇದೇ ಕತ್ತರಿ, ಇದೇ ಸ್ಟೂಲು, ಸ್ಟೂಲಿನ ಮೇಲೆ ಅಂದು ದೊಡ್ಡಮ್ಮ ಕಾಲು ಇಳಿಬಿಟ್ಟು ಕೂತು ಔಷಧಿ ಚೀಲ ತೂಗಿ ನೋಡುತ್ತಾಳೆ, ಏನೋ, ನಿನ್ನ ಅಂಗಡೀನೇ ಹೊರಿಸಿ ಕಳಿಸ್ತೀಯಾ, ನಾನು ಹೋಗ್ತಿರೋದು ಹಜ್‌ಗೆ ಕಣೋ, ಆಸ್ಪತ್ರೆ ತೆಗೆಯೋಕಲ್ಲ. ಅವ್ವ ಸತ್ತಾಗ ಮೂರು ವರ್ಷದವನಾಗಿದ್ದ ಅವನನ್ನು ಸಾಕಿದ ಕೈ, ಆ ಕೈಯ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು, ನಿನ್ನ ಪಟ್ಟಿ ಮೂಲೆ ಚುಚ್ಚಿತು, ರಕ್ತ ನಿಲ್ಲೋದೇ ಇಲ್ಲ ಅನ್ನುತ್ತೆ, ನಿಲ್ಲುವುದು ಹೇಗೆ, ಎದೆಯಲ್ಲಿ ಲೋಹದ ಕವಾಟ, ಅದಕ್ಕಾಗಿ ದಿನವೂ ರಕ್ತ ತೆಳುವಾಗಿಸುವ ಗುಳಿಗೆ, ವಾರ್ಫರಿನ್, ಅದರ ಜೊತೆ ನೋವಿನ ಮದ್ದು ಸೇರಿದರೆ ಒಳಗೊಳಗೇ ರಕ್ತ ಹರಿಯುತ್ತದೆ, ಅದನ್ನವಳು ಎದೆ ಗುಳಿಗೆ ಎಂದಷ್ಟೇ ಬಲ್ಲಳು. ಅವನು ಎಲ್ಲ ಪಟ್ಟಿಗಳನ್ನೂ ಬಿಡಿಬಿಡಿಯಾಗಿ ಕತ್ತರಿಸಿದ, ಪ್ರತಿ ಚೂರಿನ ನಾಲ್ಕು ಮೂಲೆಯನ್ನೂ ದುಂಡಗೆ ಮಾಡಿದ, ಇಡೀ ಮಧ್ಯಾಹ್ನ, ಬೆರಳಾಡಿಸಿ ನೋಡಿಕೊಂಡು, ಎಲ್ಲೂ ಚುಚ್ಚಬಾರದು. ಡಾಕ್ಟರ ಚೀಟಿ ಇಟ್ಕೊಳ್ಳಲಾ, ಎಂದಳು ಅವಳು, ಅವನೇ ಅಂದದ್ದು, ಮದ್ದಿನ ವಿದ್ಯೆ ಓದಿದವನು ಅಂದದ್ದು, ಅದೂ ಒಂದು ಭಾರ ಯಾಕೆ ದೊಡ್ಡಮ್ಮ, ಗುಳಿಗೆ ನೋಡಿದ್ರೆ ಯಾವ ಡಾಕ್ಟರಿಗಾದ್ರೂ ಗೊತ್ತಾಗುತ್ತೆ.

ನೋಡಿದ, ಅಲ್ಲಿ ಹಜ್‌ನಲ್ಲಿ ಒಬ್ಬ ಡಾಕ್ಟರು ನೋಡಿಯೇ ನೋಡಿದ. ಜೊತೆಗೆ ಹೋಗಿದ್ದ ದೊಡ್ಡಪ್ಪ ಒಬ್ಬನೇ ವಾಪಸು ಬಂದು ಇದೇ ಸ್ಟೂಲಿನ ಮೇಲೆ ಕೂತು ಬಸ್ಸಿನ ಪ್ರಯಾಣ ಹೇಳಿದ ಹಾಗೆ ಹೇಳಿದ್ದ, ನಡೆದು ನಡೆದು ಅವಳ ಮಂಡಿ ಬೂದುಗುಂಬಳ ಆಗಿತ್ತು ಕಣಪ್ಪ, ಡೇರೆಯ ದವಾಖಾನೆಗೆ ಕರ್ಕೊಂಡು ಹೋದೆ, ಬಿಸಿಲಿಗೆ ಬಿದ್ದವರು ನೆಲದ ತುಂಬ, ಎರಡು ದಿನದಿಂದ ಕಣ್ಣು ಮುಚ್ಚದ ಡಾಕ್ಟರು, ಪಾಪ ಒಳ್ಳೆಯವನು, ಏನೇನು ಗುಳಿಗೆ ತಗೋತಾರೆ ಅಂದ, ನಾನು ಪೊಟ್ಟಣ ಸುರಿದೆ, ಅವನು ತಿರುಗಿಸಿ ತಿರುಗಿಸಿ ನೋಡಿ ಒಂದು ಚೂರಿನ ಮೇಲೆ ರಿನ್ ಅಂತ ಓದಿದ, ಆಸ್ಪಿರಿನ್ನಾ ಅಂದ, ನಾನು ಹೂಂ ಅಂದೆ. ಮಂಡಿಗೆ ನೋವಿನ ಇಂಜೆಕ್ಷನ್ ಚುಚ್ಚಿದ, ಮಾರನೇ ದಿನವೂ ಚುಚ್ಚಿದ, ಮೂರನೇ ದಿನ ರಕ್ತ ಕಾರಿದಳು. ಫೋನ್ ಮಾಡಬಹುದಿತ್ತಲ್ಲ ದೊಡ್ಡಪ್ಪ — ಮಾಡೋಣ ಅಂದ್ರೆ ಅವಳೇ ಬೇಡ ಅಂದಳು, ಅಂಗಡಿ ಹೊತ್ತು, ಗಿರಾಕಿ ಇದ್ದಾರೆ ಅಂತಾನೆ, ಸುಮ್ಮನಿರಿ ಅಂದಳು. ಅಂತಾನೆ, ಅಂದಿದ್ದಾನೆ, ಎಷ್ಟು ಸಲ, ಆಮೇಲೆ ಮಾಡ್ತೀನಿ ದೊಡ್ಡಮ್ಮ, ಗಿರಾಕಿ ಇದ್ದಾರೆ. ಉಳಿದ ಪೊಟ್ಟಣಗಳನ್ನು ದೊಡ್ಡಪ್ಪ ಕೌಂಟರಿನ ಮೇಲಿಟ್ಟು, ಯಾರಿಗಾದ್ರೂ ಆಗುತ್ತೇನೋ ನೋಡು ಅಂದ, ಆಗ ಹೇಳಬೇಕಿತ್ತು, ಬಾಯಿ ತೆರೆದ, ಅಷ್ಟರಲ್ಲಿ ಪಕ್ಕದ ಅಂಗಡಿಯವನು ಒಳಗೆ ಬಂದು, ಅದೃಷ್ಟವಂತೆ ಬಿಡಿ, ಅಂಥ ನೆಲದಲ್ಲಿ ಮಣ್ಣಾಗೋದು ಯಾರಿಗುಂಟು ಅಂದ, ದೊಡ್ಡಪ್ಪನ ಮುಖ ಬೆಳಗಿತು, ಅವನು ಬಾಯಿ ಮುಚ್ಚಿದ, ಬೆಳಗಿದ ಮುಖಕ್ಕೆ ಏನೆಂದು ಹೇಳುವುದು, ಅಂದಿನಿಂದ ಮುಚ್ಚಿಯೇ ಇದ್ದಾನೆ, ದೊಡ್ಡಪ್ಪನೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ನಮ್ಮ ಹುಡುಗ ಎಷ್ಟು ಚೆಂದ ಕತ್ತರಿಸಿಕೊಟ್ಟಿದ್ದ ಅಂತೀರಿ, ಒಂದು ಮೂಲೇನೂ ಚುಚ್ಚಲಿಲ್ಲ.

ಕತ್ತರಿಸಲ್ಲಮ್ಮ, ಎಂದ, ಪಟ್ಟಿ ಇಡಿಯಾಗೇ ಇರಲಿ, ಚೀಟಿಯ ಎರಡು ನಕಲು ಮಾಡಿಸು, ಒಂದು ಅಪ್ಪನ ಜೇಬಲ್ಲಿರಲಿ. ಭಾರ ಆಗಲ್ವಾ ಅಂಕಲ್. ಆಗಲಿ. ಮತ್ತೆ ನಿಮ್ಮ ದೊಡ್ಡಮ್ಮನಿಗೆ ಮಾಡಿದ್ರಲ್ಲ, ಅವರಿಗೆ ಅನುಕೂಲ ಆಯ್ತಂತಲ್ಲ, ನಿಮ್ಮ ದೊಡ್ಡಪ್ಪನೇ ಹೇಳಿದ್ರು — ಹುಡುಗಿ ಕಾಯುತ್ತಿದ್ದಾಳೆ, ಹೇಳಬಹುದು, ಈಗಲಾದರೂ, ಒಂದು ಮಾತು, ಅವನು ಕೆಳಗೆ ನೋಡಿದ, ಕಾಲ ಬಳಿ ಅದೇ ಕಸದ ಬುಟ್ಟಿ, ದೊಡ್ಡಮ್ಮನಿಗೆ ಕತ್ತರಿಸಿದ ಅಂದು ಸಂಜೆ ಪೊರಕೆಯಿಂದ ತಾನೇ ಬಳಿದು ತುಂಬಿದ್ದ, ಬೆಳ್ಳಿ ಬಣ್ಣದ ಮೂಲೆಗಳು, ಉಗುರಿನಷ್ಟು ಉಗುರಿನಷ್ಟು, ಒಂದೊಂದರ ಮೇಲೂ ವಾರ್ಫ, ವಾರ್ಫ, ವಾರ್ಫ.